ಕೀಲಿಗೆ ಎರಡು ಹನಿ

ಬೀದರಿನ ಮೈಲೂರಿನ ಆ ಓಣಿಯಲ್ಲಿ ಪಿಯಾನೊ ಎಂಬ ಶಬ್ದ ಯಾರ ಬಾಯಲ್ಲೂ ನೆಟ್ಟಗೆ ಹೊರಳುತ್ತಿರಲಿಲ್ಲ. ಭಜನೆಯಲ್ಲಿ ಬಾರಿಸುವ ಹಾರ್ಮೋನಿಯಂ ಪೇಟಿಯಾದರೆ ಇದು ಎದೆಯೆತ್ತರಕ್ಕೆ ಗೋಡೆಗೆ ಆನಿಕೊಂಡು ನಿಂತಿದೆಯಲ್ಲ, ಹಾಗಾಗಿ ನಿಂತ ಪೇಟಿ. ನಿಂತ ಪೇಟಿಯ ಮನೆ ಎಂದರೆ ಅಂಚೆಯವನಿಗೂ ಗೊತ್ತು, ಗ್ಯಾಸ್ ಸಿಲಿಂಡರ್ ತರುವವನಿಗೂ ಗೊತ್ತು. ಆ ಮನೆಯ ಯಜಮಾನ ಪಂಢರಿ. ಅರವತ್ತೆಂಟು ವರ್ಷ, ಅದರಲ್ಲಿ ನಲವತ್ತೈದನ್ನು ಬಿದರಿ ಕೆಲಸದಲ್ಲಿ ಸವೆಸಿದವನು. ಕಪ್ಪು ಲೋಹದ ಹೂದಾನಿಯ ಮೇಲೆ ಕೂದಲೆಳೆಯಷ್ಟು ತೆಳ್ಳಗಿನ ಬೆಳ್ಳಿಯ ತಂತಿ ಕೂರಿಸುವ ಕೈ ಅವನದು. ಆ ಕೈಯ ಬಗ್ಗೆ ಅವನಿಗೆ ಜಂಬವೂ ಇತ್ತು. ಕಸುಬುದಾರನಿಗೆ ಅಷ್ಟು ಜಂಬ ಇರಬೇಕಾದದ್ದೇ ಅನ್ನಿ. ಆದರೆ ಅವನ ಮನೆ ಹಾಳಾದದ್ದು ಅದರಿಂದಲೇ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಪೇಟಿ ಬಂದದ್ದು ಹೆಂಡತಿ ಕರುಣಾಳ ಸಲುವಾಗಿ. ಕರುಣಾ ಔರಾದ ಕಡೆಯವಳು. ಎಂಟು ವರ್ಷದವಳಿದ್ದಾಗ ಅವಳಪ್ಪ ಅವಳನ್ನು ಬೀದರಿನ ಒಂದು ಮಿಷನ್ ಹಾಸ್ಟೆಲಿಗೆ ತಂದು ಬಿಟ್ಟಿದ್ದ. ನಾಲ್ಕಕ್ಷರ ಕಲಿಯಲಿ ಎಂದು ಬಿಟ್ಟರೆ ಅವಳು ಅಕ್ಷರದ ಜೊತೆಗೆ ಪಿಯಾನೊವನ್ನೂ ಕಲಿತಳು. ಮುಂದೆ ಪ್ರಾಥಮಿಕ ಶಾಲೆಯ ಟೀಚರಾದಳು, ಪಂಢರಿಯ ಕೈ ಹಿಡಿದಳು, ಮಹಾಮಾಯಾಳನ್ನು ಹೆತ್ತಳು, ಹಾಸ್ಟೆಲಿನ ಮಾತನ್ನೇ ಎತ್ತುತ್ತಿರಲಿಲ್ಲ. ಆ ಹಾಸ್ಟೆಲು ಮುಚ್ಚಿ ಅಲ್ಲಿಯ ಸಾಮಾನು ಮಾರಾಟಕ್ಕಿದೆ ಎಂದು ತಿಳಿದಾಗ ಮಾತ್ರ ಒಂದು ಹೊತ್ತು ಊಟ ಬಿಟ್ಟು ಕೂತಳು. ಬೇಕು ಎಂದು ಬಾಯಿ ಬಿಟ್ಟು ಕೇಳಲಿಲ್ಲ. ಮೂರನೇ ದಿನ ಪಂಢರಿ ಟಂಟಂ ಗಾಡಿಯಲ್ಲಿ ಪಿಯಾನೊ ಹೇರಿಸಿಕೊಂಡು ಬಂದ. ಇಳಿಸಲು ಆರು ಮಂದಿ ಬೇಕಾದರು, ಬಾಗಿಲ ಚೌಕಟ್ಟಿನ ಒಂದು ಬದಿ ಕಿತ್ತು ಹಾಕಬೇಕಾಯಿತು. ಕರುಣಾ ಆ ದಿನ ಅತ್ತದ್ದನ್ನು ಓಣಿಯ ಹೆಂಗಸರು ಬಾಗಿಲು ಕಿತ್ತದ್ದಕ್ಕೆ ಎಂದು ತಿಳಿದರು.

ತಂದದ್ದೇನೋ ತಂದ, ಅದನ್ನು ಸಾಕುವುದು ಹೇಗೆಂದು ಅವನಿಗೆ ಗೊತ್ತಿರಲಿಲ್ಲ. ಅದಕ್ಕೆ ಭಾಲ್ಕಿಯ ಅಬ್ದುಲ ಗಫೂರನೇ ಬರಬೇಕಾಯಿತು. ಗಫೂರನದು ಹಾರ್ಮೋನಿಯಂ ರಿಪೇರಿಯ ಅಂಗಡಿ. ಚಿಕ್ಕಂದಿನಲ್ಲಿ ಸಿಕಂದರಾಬಾದಿನ ಒಬ್ಬ ಮುದುಕನ ಕೈಕೆಳಗೆ ಪಿಯಾನೊ ಶ್ರುತಿ ಮಾಡುವುದನ್ನೂ ಕಲಿತಿದ್ದ. ವರ್ಷಕ್ಕೆ ಎರಡು ಸಲ, ಹೋಳಿ ಹಬ್ಬಕ್ಕೆ ಮುಂಚೆ ಒಮ್ಮೆ, ದಸರೆ ಮುಗಿದ ಮೇಲೆ ಒಮ್ಮೆ, ರೈಲು ಹತ್ತಿ ಬರುತ್ತಿದ್ದ. ಮೊದಲ ಸಲ ಬಂದಾಗ ಚಹಾ ಕುಡಿಯುವುದಕ್ಕೂ ಮುಂಚೆ ಬೈಯಲು ಸುರು ಮಾಡಿದ. ಬಿಸಿಲು ಬೀಳುವ ಕಿಟಕಿಯ ಕೆಳಗಿದ್ದ ಪಿಯಾನೊವನ್ನು ಒಳಗೋಡೆಗೆ ಸರಿಸಿದ. ಅದರ ನೆತ್ತಿಯ ಮೇಲೆ ಬುದ್ಧನ ಮೂರ್ತಿ, ಮುಂದೆ ಉರಿಯುವ ಮೇಣಬತ್ತಿ ನೋಡಿ ಹಣೆ ಚಚ್ಚಿಕೊಂಡ.

"ಬುದ್ಧ ಮಹಾರಾಜರಿಗಿ ಬ್ಯಾರೆ ಜಾಗಾ ಮಾಡಿಕೊಡ್ರಿ ಪಂಢರಿಭಾಯ್. ಮೇಣ ಕರಗಿ ಒಳಗ ಇಳದ್ರ ಅವರು ಬಂದು ತಗೀತಾರೇನು?"

ಕರುಣಾ ಸೆರಗು ಬಾಯಿಗಿಟ್ಟು ನಕ್ಕಳು. ಬುದ್ಧ ಗೋಡೆಯ ಗೂಡಿಗೆ ಹೋದ. ಗಫೂರ ಹೇಳುತ್ತ ಹೋದ: ಬೆರಳಿಟ್ಟು ಒತ್ತುವ ಬಿಳಿ ಮನೆ ಕರಿ ಮನೆಗಳನ್ನು ಹಿಂಡಿದ ಬಟ್ಟೆಯಿಂದ ಒರೆಸಿ ತಕ್ಷಣ ಒಣ ಬಟ್ಟೆ ಆಡಿಸಬೇಕು, ಇಲಿ ಬರದಂತೆ ಹಿಂದಿನ ಸಂದಿ ನೋಡುತ್ತಿರಬೇಕು, ಬಾರಿಸಿದ ಮೇಲೆ ಮುಚ್ಚಳ ಹಾಕಬೇಕು. "ಬ್ಯಾಸಗ್ಯಾಗ ಕೆಳಗಿನ ಹಲಗಿ ತಗದು ಒಳಗ ಒಂದ ತಂಬಿಗಿ ನೀರ ಇಡ್ರಿ. ನಮ್ಮ ಬಿಸಲಿಗಿ ಮನಷ್ಯಾರೇ ಬಿರೀತಾರ, ಇದಂತೂ ಕಟ್ಟಿಗಿ." ಕೊನೆಗೆ ಚೀಲ ಹೆಗಲಿಗೇರಿಸಿ ಬಾಗಿಲಲ್ಲಿ ನಿಂತು ಮತ್ತೊಂದು ಮಾತು ಸೇರಿಸಿದ. "ಹೊರಗಿಂದು ನಿಮ್ದು, ಒಳಗಿಂದು ನಂದು. ಒಳಗ ಕೈ ಹಾಕಬ್ಯಾಡ್ರಿ."

ಪಂಢರಿ ತನ್ನ ಬಿಪಿ ಗುಳಿಗೆ ಮರೆತರೂ ಪಿಯಾನೊದ ತಂಬಿಗೆಗೆ ನೀರು ಹಾಕುವುದನ್ನು ಮರೆಯುತ್ತಿರಲಿಲ್ಲ. ಹೀಗೆ ಹದಿನಾಲ್ಕು ವರ್ಷ ನಡೆಯಿತು.

ಆಮೇಲೆ ಕರುಣಾಳಿಗೆ ಮರೆವು ಬಂತು. ಮೊದಲು ಪಾತ್ರೆ ಇಟ್ಟ ಜಾಗ ಮರೆತಳು, ಆಮೇಲೆ ಪಾತ್ರೆಯ ಹೆಸರು ಮರೆತಳು. ಡಾಕ್ಟರರು ಇದಕ್ಕೊಂದು ಉದ್ದನೆಯ ಹೆಸರು ಹೇಳಿ, ಹಿಂದಕ್ಕೆ ತರುವ ಔಷಧ ಇಲ್ಲ, ಇದ್ದದ್ದನ್ನು ಹಿಡಿದಿಟ್ಟುಕೊಂಡರೆ ಅದೇ ದೊಡ್ಡದು ಎಂದರು. ಒಂದು ದಿನ ಪಂಢರಿ ತಟ್ಟೆ ಇಟ್ಟುಕೊಂಡು ಊಟಕ್ಕೆ ಕೂತಿದ್ದಾಗ ಅವಳು ಬಾಗಿಲಲ್ಲಿ ನಿಂತು ಬಹಳ ಮರ್ಯಾದೆಯಿಂದ ಕೇಳಿದಳು. "ಕಾಕಾ, ಯಾರ ಪೈಕಿ ನೀವು? ನಮ್ಮ ಮನಿಯವ್ರು ಹೊರಗ ಹೋಗ್ಯಾರ. ಬರೂತನ ಕೂಡ್ರಿ."

ನಲವತ್ತು ವರ್ಷ ಜೊತೆ ಬಾಳಿದ ಹೆಂಡತಿ ಕಾಕಾ ಎಂದರೆ ಗಂಡಸಿಗೆ ಏನಾಗುತ್ತದೆ ಎಂದು ನಾನೇನು ವಿವರಿಸಲಿ. ಪಂಢರಿ ತಟ್ಟೆಯಲ್ಲಿದ್ದ ಅನ್ನವನ್ನು ಪೂರ್ತಿ ತಿಂದ. ಬಿಟ್ಟರೆ ಅವಳು ಅತಿಥಿ ಉಪವಾಸ ಎದ್ದ ಎಂದು ನೊಂದುಕೊಳ್ಳುತ್ತಾಳೆ ಎನಿಸಿತು ಅವನಿಗೆ.

ಆದರೆ ಒಂದು ಉಳಿದಿತ್ತು. ಸಂಜೆ ಐದಕ್ಕೆ ಅವಳನ್ನು ಪಿಯಾನೊದ ಮುಂದೆ ಕೂರಿಸಿದರೆ ಬೆರಳುಗಳು ತಾವಾಗಿ ಏಳುತ್ತಿದ್ದವು. ಹಾಸ್ಟೆಲಿನಲ್ಲಿ ಸಂಜೆಯ ಪ್ರಾರ್ಥನೆಗೆ ಬಾರಿಸುತ್ತಿದ್ದ ಒಂದು ಧಾಟಿ, ಒಂದೇ ಒಂದು, ಮೊದಲಿನಿಂದ ಕೊನೆಯವರೆಗೆ ಒಂದು ಮನೆಯೂ ತಪ್ಪದೆ ಬರುತ್ತಿತ್ತು. ಬಾರಿಸಿ ಮುಗಿಸಿ ತಿರುಗಿ ನೋಡಿದಾಗ ಅವಳ ಕಣ್ಣಿನಲ್ಲಿ ಮನೆ ಇರುತ್ತಿತ್ತು, ಗಂಡ ಇರುತ್ತಿದ್ದ. "ಏನ್ರೀ, ಚಾ ಮಾಡಲ್ಯಾ?" ಎನ್ನುತ್ತಿದ್ದಳು. ಆ ಏನ್ರೀ ಒಮ್ಮೆ ಹತ್ತು ನಿಮಿಷ ಇರುತ್ತಿತ್ತು, ಒಮ್ಮೆ ಒಂದು ತಾಸು. ಪಂಢರಿ ದಿನದ ಉಳಿದ ಹೊತ್ತನ್ನೆಲ್ಲ ಅದಕ್ಕಾಗಿ ಕಾದು ಕಳೆಯುತ್ತಿದ್ದ.

ಶ್ರುತಿ ತಪ್ಪಿದರೆ ಮಾತ್ರ ಇದು ನಡೆಯುತ್ತಿರಲಿಲ್ಲ. ಒಂದು ವರ್ಷ ಗಫೂರನಿಗೆ ಟೈಫಾಯಿಡ್ ಆಗಿ ಹೋಳಿ ಹಬ್ಬಕ್ಕೆ ಬರಬೇಕಾದವನು ಮೇ ತಿಂಗಳಾದರೂ ಬರಲಿಲ್ಲ. ಬೇಸಿಗೆಗೆ ಮೂರು ನಾಲ್ಕು ತಂತಿ ಇಳಿದವು. ಕರುಣಾ ಬಾರಿಸುತ್ತ ಬಾರಿಸುತ್ತ ಆ ಮನೆಗಳ ಹತ್ತಿರ ಬಂದಾಗ ನಿಂತಳು. ಮತ್ತೆ ಒತ್ತಿ ನೋಡಿದಳು. "ಇದು ನಮ್ಮದಲ್ಲ" ಎಂದು ಎದ್ದಳು. ಪಂಢರಿ ಹಿತ್ತಲಿಗೆ ಹೋಗಿ ಬರುವುದರೊಳಗೆ ಮನೆ ಬಿಟ್ಟಿದ್ದಳು. ಎರಡು ತಾಸು ಹುಡುಕಿದ ಮೇಲೆ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಳು, ಔರಾದ ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟುಕೊಂಡು, ಬರಿಗಾಲಲ್ಲಿ. "ಇಲ್ಲಿ ಪರದವ್ರ ಮನ್ಯಾಗ ಎಷ್ಟ ದಿನಾ ಇರಲಿರಿ" ಎಂದು ಕಂಡಕ್ಟರನ ಹತ್ತಿರ ಹೇಳುತ್ತಿದ್ದಳು. ಗಫೂರ ಜ್ವರದಲ್ಲೇ ಬಂದು ತಂತಿ ಬಿಗಿದು ಹೋದ. ಮರುದಿನ ಸಂಜೆ ಏನ್ರೀ ತಿರುಗಿ ಬಂತು.

ಅಂದಿನಿಂದ ಪಂಢರಿಗೆ ಪಿಯಾನೊ ಎಂದರೆ ಜೀವವೇ ಆಯಿತು.

ಹೋದ ಶ್ರಾವಣದ ಮಳೆಯಲ್ಲಿ ಆ ಪಿಯಾನೊ ಕಿರ್ ಎನ್ನಲು ಸುರು ಮಾಡಿತು. ಮನೆಗಳ ಮೇಲಿನ ಮುಚ್ಚಳ ಎತ್ತುವಾಗೊಮ್ಮೆ ಸದ್ದು, ಬಾರಿಸುವಾಗ ಎಲ್ಲಿಂದಲೋ ಒಳಗಿನಿಂದ ಒಂದು ಸದ್ದು. ಕರುಣಾ ಬೆಚ್ಚಿ ಬೀಳುತ್ತಿದ್ದಳು. "ಯಾರೋ ಬಂದ್ರು" ಎಂದು ಬಾಗಿಲಿಗೆ ಹೋದರೆ ತಿರುಗಿ ಕೂರಿಸುವಷ್ಟರಲ್ಲಿ ಹೊತ್ತು ಮೀರುತ್ತಿತ್ತು. ಪಂಢರಿ ಭಾಲ್ಕಿಗೆ ಫೋನ್ ಮಾಡಿದ. ಗಫೂರ ಸಂತೆಯ ಗದ್ದಲದ ನಡುವೆ ಇದ್ದ.

"ಪೇಟಿ ಕಿರ್ ಅಂತದರಿ ಗಫೂರಭಾಯ್. ಆಕಿ ಅಂಜತಾಳ."

"ಮಳಿಗಾಲದಾಗ ಆಗ್ತದ ಅದು. ಕೀಲಿಗಿ ಎರಡ ಹನಿ ಎಣ್ಣಿ ಬಿಡ್ರಿ, ಸಾಕು."

"ಎಲ್ಲಾ ಕೀಲಿಗೇನ್ರಿ?"

"ಹಾಂ ಹಾಂ, ಎಷ್ಟ ಅವ ಅಷ್ಟಕ್ಕೂ ಬಿಡ್ರಿ."

ಗಫೂರ ಹೇಳಿದ ಕೀಲು ಮುಚ್ಚಳದ ಕೀಲು. ಅವನ ಅಂಗಡಿಯಲ್ಲಿ ಹಾರ್ಮೋನಿಯಂ ತಿದಿಯನ್ನು ಹಲಗೆಗೆ ಕೂಡಿಸುವ ಹಿತ್ತಾಳೆಯ ತುಂಡಿಗೆ ಕೀಲು ಎನ್ನುತ್ತಿದ್ದರು. ಆದರೆ ಪಂಢರಿಯ ಮನೆಯಲ್ಲಿ ಅದಕ್ಕೆ ಬಿಜಾಗ್ರಿ ಎನ್ನುವುದು ರೂಢಿ. ಅವನ ತಲೆಯಲ್ಲಿ ಪಿಯಾನೊದ ಕೀಲು ಎಂದರೆ ಮೇಲಿನ ಹಲಗೆ ಎತ್ತಿದರೆ ಸಾಲಾಗಿ ಕಾಣುವ ಉಕ್ಕಿನ ಗೂಟಗಳು. ಒಂದೊಂದಕ್ಕೂ ಒಂದೊಂದು ತಂತಿ ಸುತ್ತಿರುತ್ತದೆ, ಗಫೂರ ಅವನ್ನು ಚಾವಿಯಿಂದ ತಿರುಗಿಸಿ ತಿರುಗಿಸಿ ಶ್ರುತಿ ಕೂಡಿಸುತ್ತಾನೆ. ಆ ಗೂಟ ಹಿಂದಿನ ಮರವನ್ನು ಒಣಗಿದ ಬಿಗಿಯಲ್ಲಿ ಕಚ್ಚಿಕೊಂಡಿರುವುದರಿಂದಲೇ ತಂತಿ ನಿಲ್ಲುತ್ತದೆ. ಇದನ್ನು ಗಫೂರ ಎಂದೂ ಹೇಳಿರಲಿಲ್ಲ. ಒಳಗೆ ಕೈ ಹಾಕಬೇಡಿ ಎಂದಮೇಲೆ ಹೇಳುವ ಅಗತ್ಯವೇನಿತ್ತು?

ಪಂಢರಿ ಮೇಲಿನ ಹಲಗೆ ಎತ್ತಿ ನೋಡಿದ. ಇನ್ನೂರಕ್ಕೂ ಮಿಕ್ಕಿ ಗೂಟಗಳು, ಮಳೆಯ ತೇವಕ್ಕೆ ಅಲ್ಲಲ್ಲಿ ಕೆಂಪಗೆ ತುಕ್ಕು ಹಿಡಿದಿದ್ದವು. ಬಿದರಿ ಕೆಲಸದವನಿಗೆ ಮಂಕು ಹಿಡಿದ ಲೋಹ ಕಂಡರೆ ಕೈ ತಡೆಯುವುದಿಲ್ಲ. ಕೋಟೆಯ ಮಣ್ಣು ಹಚ್ಚಿ ಕಪ್ಪು ಮಾಡಿದ ಪಾತ್ರೆಗೆ ಕೊನೆಯಲ್ಲಿ ಎಣ್ಣೆ ಬಟ್ಟೆ ಆಡಿಸಿದಾಗ ಆ ಕಪ್ಪು ಆಳಕ್ಕಿಳಿದು ಬೆಳ್ಳಿ ಎದ್ದು ಕಾಣುತ್ತದೆ. ಅವನ ಗುರು ಬದ್ರೋದ್ದೀನ ಉಸ್ತಾದರು ಅವನಿಗೆ ಮೊದಲು ಕಲಿಸಿದ್ದು ಎಣ್ಣೆ ಒರೆಸುವುದನ್ನೇ. ಒಳಗಿಂದು ನಂದು ಎಂಬ ಮಾತು ನೆನಪಾಗಲಿಲ್ಲವೆ? ಆಯಿತು. ಇನ್ನೊಮ್ಮೆ ಫೋನ್ ಮಾಡಿ ಕೇಳೋಣವೆ ಎಂದೂ ಅನಿಸಿತು. ಆದರೆ ಲೋಹಕ್ಕೆ ಎಣ್ಣೆ ಹಾಕುವುದನ್ನು ಹಾರ್ಮೋನಿಯಂ ರಿಪೇರಿಯವನ ಹತ್ತಿರ ಎರಡೆರಡು ಸಲ ಕೇಳುವವನೆ ಬದ್ರೋದ್ದೀನ ಉಸ್ತಾದರ ಶಿಷ್ಯ?

ಕರುಣಾ ಮಂಚದ ಮೇಲೆ ಕೂತು ನೋಡುತ್ತಿದ್ದಳು. ಅವಳು ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆಯ ಶೀಶೆಯನ್ನೇ ತೆಗೆದುಕೊಂಡು ಅವನು ಬೆಳಗಿನಿಂದ ಮಧ್ಯಾಹ್ನದವರೆಗೆ ಕೂತ. ಒಂದೊಂದು ಗೂಟದ ಬುಡಕ್ಕೆ ಕಡ್ಡಿಯ ತುದಿಯಿಂದ ಎರಡೆರಡು ಹನಿ, ಆಮೇಲೆ ಬಟ್ಟೆಯ ಚಿಂದಿಯಿಂದ ತಿಕ್ಕುವುದು. ಒಂದು ಹನಿಯೂ ಆಚೆ ಈಚೆ ಬೀಳಲಿಲ್ಲ. ಕೆಲಸ ಮುಗಿದಾಗ ಗೂಟಗಳೆಲ್ಲ ಬಿದರಿಯ ಹಾಗೆ ಕಪ್ಪಗೆ ಹೊಳೆದವು. "ನೋಡ ಹ್ಯಾಂಗಾತು" ಎಂದು ಹೆಂಡತಿಗೆ ತೋರಿಸಿದ. "ಛಲೋ ಆತ್ರಿ ಕಾಕಾ" ಎಂದಳು ಅವಳು.

ಹದಿನೈದು ದಿನ ಏನೂ ಆಗಲಿಲ್ಲ. ಮುಚ್ಚಳ ಕಿರ್ ಎನ್ನುವುದು ನಿಲ್ಲಲಿಲ್ಲ ನಿಜ, ಆದರೆ ಪಂಢರಿ ಅದನ್ನು ಕರುಣಾ ಸ್ನಾನಕ್ಕೆ ಹೋದಾಗಲೇ ಎತ್ತಿಡತೊಡಗಿದ. ಹದಿನಾರನೇ ದಿನ ಅವಳು ಬಾರಿಸುತ್ತ ಮಧ್ಯದಲ್ಲಿ ನಿಂತಳು. ಮರುದಿನ ಇನ್ನೂ ಮುಂಚೆ ನಿಂತಳು. ಒಂದು ವಾರ ಕಳೆಯುವಷ್ಟರಲ್ಲಿ ಯಾವ ಮನೆ ಒತ್ತಿದರೂ ಎರಡು ಮೂರು ಸ್ವರ ಒಂದರ ಮೇಲೊಂದು ಬಿದ್ದು ಊಳಿಡುವ ಹಾಗಾಯಿತು. "ಇದು ನಮ್ಮದಲ್ಲ, ನಾ ಹೋಗ್ತೇನಿ" ಎಂದು ಅವಳು ಚಪ್ಪಲಿ ಹುಡುಕುತ್ತಿದ್ದಳು. ಪಂಢರಿ ಬಾಗಿಲಿಗೆ ಚಿಲಕ ಹಾಕಿ ಚಿಲಕದ ಮುಂದೆಯೇ ಕೂರುತ್ತಿದ್ದ.

ಮಗಳು ಮಹಾಮಾಯಾಳೇ ಗಫೂರನಿಗೆ ಫೋನ್ ಮಾಡಿ ಕರೆಸಿದಳು. ಅವಳು ಔರಾದಿನ ಹೈಸ್ಕೂಲಿನಲ್ಲಿ ಗಣಿತದ ಟೀಚರ್, ಬೆಳಗಿನ ಬಸ್ಸಿಗೆ ಹೋಗಿ ಸಂಜೆ ಆರಕ್ಕೆ ಮನೆಗೆ ಬರುವವಳು. ಮೂವತ್ತಾರು ವರ್ಷ, ಮದುವೆಯ ಮಾತೆತ್ತಿದರೆ ಎದ್ದು ಹೋಗುವ ಸ್ವಭಾವ. ತಾಯಿಯ ಸ್ನಾನ, ಗುಳಿಗೆ, ಜಡೆ ಎಲ್ಲ ಅವಳದೇ. ಅವಳಿಗೆ ರಜೆಯಿರುವ ಭಾನುವಾರ ಗಫೂರ ಬಂದ. ಬೆಳಗಿನಿಂದ ಮೂರು ತಾಸು ತಂತಿ ಬಿಗಿದ. ಕೊನೆಯ ತಂತಿಗೆ ಬರುವಷ್ಟರಲ್ಲಿ ಮೊದಲನೆಯದು ಇಳಿದಿತ್ತು. ಚಾವಿ ಕೆಳಗಿಟ್ಟು ಗೂಟಗಳ ಸಾಲಿಗೆ ಮೂಗು ಹಚ್ಚಿದ. ಬೆರಳಿನಿಂದ ಮುಟ್ಟಿ ವಾಸನೆ ನೋಡಿದ.

"ಖೋಬ್ರಿ ಎಣ್ಣಿ," ಎಂದ. "ಯಾ ಅಲ್ಲಾ. ಯಾರ ಹಾಕಿದ್ರಿ ಇದನ್ನ?"

ಚಾವಿ ಹಾಕಿ ಒಂದು ಗೂಟ ತಿರುವಿ ತೋರಿಸಿದ.

"ಎಣ್ಣಿ ಕಟ್ಟಿಗ್ಯಾಗ ಇಳದು ಹೋಗ್ಯದ. ಇನ್ನ ಖೂಂಟಿ ನಿಂದ್ರಾಂಗಿಲ್ಲ. ನಾ ಎಷ್ಟ ಬಿಗದ್ರೂ ಜಾರತಾವ."

"ಪಪ್ಪಾ?" ಎಂದಳು ಮಹಾಮಾಯಾ. ಅವಳ ದನಿಯಲ್ಲಿ ಆರೋಪವೇನೂ ಇರಲಿಲ್ಲ, ಬರೀ ಪ್ರಶ್ನೆಯಿತ್ತು. ಅವಳ ಕೈಯಲ್ಲಿ ಆಗಷ್ಟೇ ತಾಯಿಯ ತಲೆ ಬಾಚಿದ ಬಾಚಣಿಗೆ, ಮಂಚದ ಅಂಚಿನಲ್ಲಿ ಅದೇ ಎಣ್ಣೆಯ ಶೀಶೆ.

ನನ್ನಿಂದಾಯಿತು ಎಂದರೆ ಮುಗಿಯುತ್ತಿತ್ತು. ಗಫೂರಭಾಯ್, ನೀವೇ ಹೇಳಿದಿರಿ, ನಾನು ಬೇರೆ ತಿಳಿದೆ ಎಂದಿದ್ದರೂ ಆಗುತ್ತಿತ್ತು. ಪಂಢರಿಗೆ ಆ ಕ್ಷಣದಲ್ಲಿ ತನ್ನ ತಪ್ಪು ಪೂರ್ತಿ ಅರ್ಥವಾಗಿತ್ತು. ನಲವತ್ತೈದು ವರ್ಷದಲ್ಲಿ ಒಂದು ಪಾತ್ರೆಯನ್ನೂ ಕೆಡಿಸದ ಕೈ ಮನೆಯೊಳಗಿನ ಒಂದೇ ಒಂದು ಬೆಲೆಯುಳ್ಳ ವಸ್ತುವನ್ನು ಕೆಡಿಸಿತ್ತು. ಮಗಳು ನೋಡುತ್ತಿದ್ದಳು, ಗಫೂರ ನೋಡುತ್ತಿದ್ದ. ಬಾಯಿಗೆ ಬಂದದ್ದು ಬೇರೆಯೇ ಮಾತು.

"ಆಕೀನೇ ಇರಬೇಕು," ಎಂದ. "ತಲಿಗಿ ಹಚ್ಚೋ ಶೀಶೆ ಹಿಡಕೊಂಡು ತಿರಗತಾಳಲ್ಲ. ನಾ ಹಿತ್ತಲದಾಗ ಇದ್ದಾಗ ಹಾಕ್ಯಾಳ."

ಎಂಥ ಹೇಡಿತನ. ತಿರುಗಿ ಮಾತಾಡಲಾರದವಳ ಮೇಲೆ ಹೊರಿಸಿದ. ಇವನ ಪರ ವಹಿಸಿ ಒಂದು ಮಾತು ಹೇಳೋಣವೆಂದರೆ ನನಗೂ ಬಾಯಿ ಬರುವುದಿಲ್ಲ.

ಕರುಣಾ ಮಂಚದ ಮೇಲಿಂದ ಅವನನ್ನು ನೋಡಿದಳು. ಗಫೂರ ಮೂರು ತಾಸು ಬಿಗಿದ ತಂತಿಗಳ ಸ್ವರ ಇನ್ನೂ ಕೋಣೆಯಲ್ಲಿತ್ತೋ ಏನೋ, ಅವಳಿಗೆ ಆ ಹೊತ್ತು ಎಚ್ಚರವಿತ್ತು. "ನಾನೇನ್ರೀ?" ಎಂದು ಕೇಳಿದಳು. ಏನ್ರೀ ಎಂದು ಗುರುತು ಹಿಡಿದೇ ಕೇಳಿದಳು. ಪಂಢರಿ ಮುಖವನ್ನು ಕಿಟಕಿಯ ಕಡೆ ತಿರುಗಿಸಿದ. ಅವಳು ತನ್ನ ಎರಡೂ ಅಂಗೈ ಮುಂದೆ ಹಿಡಿದು ತಿರುವಿ ತಿರುವಿ ನೋಡಿಕೊಂಡಳು.

ಗಫೂರ ಸಾಮಾನು ಕಟ್ಟಿದ. ಹೋಗುವ ಮುಂಚೆ ಮನೆಗಳ ಮುಚ್ಚಳ ಇಳಿಸಿದ. ಅದು ಕಿರ್ ಎಂದಿತು. ಮತ್ತೆ ಎತ್ತಿ, ಮತ್ತೆ ಇಳಿಸಿದ. ಅದರ ಹಿತ್ತಾಳೆಯ ಕೀಲುಗಳು ಒಣಗಿಕೊಂಡಿದ್ದವು. ಪಂಢರಿಯ ಮುಖ ಒಮ್ಮೆ ನೋಡಿ ಮೆಟ್ಟಿಲಿಳಿದ.

ಮಹಾಮಾಯಾ ಕೆಟ್ಟವಳಲ್ಲ. ಮಕ್ಕಳಿಗೆ ಪಾಠ ಹೇಳುವವಳು, ಹತ್ತು ಸಲ ಹೇಳಿದರೆ ಯಾರಿಗಾದರೂ ತಲೆಗೆ ಹತ್ತುತ್ತದೆ ಎಂದು ನಂಬಿದವಳು. ಅಂದಿನಿಂದ ಎಣ್ಣೆ, ಕಡ್ಡಿಪೆಟ್ಟಿಗೆ, ಚಾಕು ಎಲ್ಲ ಕಪಾಟಿನಲ್ಲಿಟ್ಟು ಬೀಗ ಹಾಕಿದಳು. ಇಂದು ಪಿಯಾನೊ, ನಾಳೆ ಗ್ಯಾಸಿಗೆ ಕೈ ಹಾಕಿದರೆ ಎಂಬ ಹೆದರಿಕೆ ಅವಳಿಗೆ. ಪಿಯಾನೊದ ಮುಚ್ಚಳಕ್ಕೂ ಬೀಗ ಬಿತ್ತು. ಬೆಳಿಗ್ಗೆ ಬಸ್ಸಿಗೆ ಹೊರಡುವ ಮುಂಚೆ ತಾಯಿಯ ಕೈ ಹಿಡಿದು ನಿಧಾನವಾಗಿ ಹೇಳುತ್ತಿದ್ದಳು. "ಅವ್ವಾ, ಪೇಟಿ ಯಾರ ಹಾಳ ಮಾಡ್ದೋರು? ನೀನೇ. ಎಣ್ಣಿ ಹಾಕ್ದಿ. ಇನ್ನ ಯಾವದೂ ಮುಟ್ಟಬ್ಯಾಡ, ಹಾಂ?" ಪಂಢರಿ ಪಡಸಾಲೆಯಲ್ಲಿ ಪೇಪರ್ ಹಿಡಿದುಕೊಂಡು ಇದನ್ನು ದಿನಾ ಕೇಳುತ್ತಿದ್ದ. ದಿನಾ ಹೇಳಬೇಕು ಎಂದುಕೊಳ್ಳುತ್ತಿದ್ದ. ಬಸ್ಸು ಹೋಗಿಬಿಡುತ್ತಿತ್ತು.

ಮಗಳ ಹೆಸರು ನಿಲ್ಲದ ತಲೆಯಲ್ಲಿ, ಬೆಳಗಿನ ತಿಂಡಿ ಮಧ್ಯಾಹ್ನಕ್ಕೆ ಉಳಿಯದ ತಲೆಯಲ್ಲಿ, ಈ ಮಾತು ನಿಂತಿತು. ಕರುಣಾ ಕೈ ತೊಳೆಯಲು ಸುರು ಮಾಡಿದಳು. ಮೊದಮೊದಲು ಊಟದ ಹೊತ್ತಿಗೆ ಎರಡು ಸಲ, ಆಮೇಲೆ ತಾಸಿಗೊಮ್ಮೆ. ಪಾತ್ರೆ ತಿಕ್ಕುವ ಪುಡಿ ಹಾಕಿ, ತೆಂಗಿನ ನಾರು ಹಾಕಿ ತಿಕ್ಕುತ್ತಿದ್ದಳು. "ಜಿಡ್ಡ ಹೋಗವಲ್ದು" ಎನ್ನುತ್ತಿದ್ದಳು. ಅಂಗೈ ಸಿಪ್ಪೆ ಎದ್ದು ಬೆರಳ ಸಂದಿಯಲ್ಲಿ ರಕ್ತ ಒಸರಿತು. ಸಂಜೆ ಐದಾದರೆ ಪಿಯಾನೊ ಇದ್ದ ಗೋಡೆಗೆ ಬೆನ್ನು ಹಾಕಿ ಕೂರುತ್ತಿದ್ದಳು. ತನ್ನ ಗಂಡನನ್ನು ಅವಳು ಮತ್ತೆ ಗುರುತಿಸಲಿಲ್ಲ. ಪಂಢರಿ ಇಡೀ ದಿನ ಕಾಕಾ ಆಗಿ ಉಳಿದ.

ದಸರೆಯ ಮುಂದಿನ ವಾರ ಪಕ್ಕದ ಮನೆಯವರನ್ನು ಅವಳ ಹತ್ತಿರ ಕೂರಿಸಿ ಪಂಢರಿ ಭಾಲ್ಕಿಯ ರೈಲು ಹತ್ತಿದ. ಗಫೂರ ಅಂಗಡಿಯಲ್ಲಿ ಒಂದು ಹಾರ್ಮೋನಿಯಂ ಬಿಚ್ಚಿಕೊಂಡು ಕೂತಿದ್ದ. ಪಂಢರಿಯನ್ನು ನೋಡಿ ಸ್ಟೂಲು ಸರಿಸಿದ.

"ಏನರ ಮಾಡಲಿಕ್ಕಿ ಬರ್ತದೇನ್ರಿ?" ಎಂದ ಪಂಢರಿ. "ದಪ್ಪನ ಖೂಂಟಿ ಹಾಕಿ, ಮತ್ತೇನರ ಮಾಡಿ..."

"ಮರಾ ಪೂರಾ ಕೊಳತಂಗ ಆಗ್ಯದರಿ. ಆ ಹಲಗಿ ಬದಲ ಮಾಡಬೇಕಂದ್ರ ಇಡೀ ಪೇಟಿ ಬಿಚ್ಚಬೇಕು. ಅಷ್ಟ ಹಳೀದು, ಬಿಚ್ಚಿದ್ರ ತಿರಗಿ ಕೂಡಾಂಗಿಲ್ಲ." ಗಫೂರ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟ. "ಪಂಢರಿಭಾಯ್, ಆ ದಿನಾ ಫೋನಿನ್ಯಾಗ ನಾ ಕೀಲ ಅಂದಿದ್ದು ಮುಚ್ಚಳದ ಕೀಲಿಗಿರಿ. ನಿಮಗ ಬಿಡಿಸಿ ಹೇಳಬೇಕಿತ್ತು. ಅದು ನನ್ನ ತಪ್ಪು. ಅಲ್ಲಾನ ಮುಂದ ಒಪ್ಪಕೋತೀನಿ."

ಪಂಢರಿ ನೆಲ ನೋಡುತ್ತಿದ್ದ.

"ಆದ್ರ ಖೂಂಟಿಗಿ ಎಣ್ಣಿ ಕರುಣಾಬಾಯಿಯವ್ರು ಹಾಕಿಲ್ಲ. ಇನ್ನೂರ ಖೂಂಟಿ, ಒಂದ ಹನಿ ಆಚೀಕ ಬಿದ್ದಿಲ್ಲ. ಅಂಥಾ ಕೈ ನಮ್ಮ ಜಿಲ್ಲಾದಾಗ ಯಾರದ ಅದ ಅಂತ ನನಗ ಗೊತ್ತಿಲ್ಲೇನು?"

ಹೊರಗೆ ಯಾರೋ ಹಾರ್ಮೋನಿಯಂ ಆಯಿತೇ ಎಂದು ಕೇಳಿದರು, ಗಫೂರ ನಾಳೆ ಎಂದು ಕಳಿಸಿದ.

"ಆಕಿ ಕೈ ತೊಕ್ಕೋತಾಳ್ರಿ," ಎಂದ ಪಂಢರಿ. "ರಕ್ತ ಬರೂತನ ತೊಕ್ಕೋತಾಳ."

"ಪೇಟಿ ನನ್ನ ಕೈಯಾಗಿಲ್ಲ. ಇದು ನಿಮ್ಮ ಕೈಯಾಗದ. ಹೋಗಿ ಖರೇ ಹೇಳ್ರಿ."

ಅಂದು ಸಂಜೆ ಮಹಾಮಾಯಾ ಬಸ್ಸಿಳಿದು ಬಂದು ಚಪ್ಪಲಿ ಬಿಡುವುದಕ್ಕೂ ಕಾಯದೆ ಪಂಢರಿ ಹೇಳಿದ. ನಿಂತುಕೊಂಡೇ, ಗುರುವಿನ ಮುಂದೆ ಕೆಟ್ಟ ಪಾತ್ರೆ ತೋರಿಸುವ ಹೊಸ ಹುಡುಗನಂತೆ ಹೇಳಿದ. ಫೋನಿನ ಮಾತು, ಕಡ್ಡಿ, ಎರಡೆರಡು ಹನಿ, ಸುಳ್ಳು. ಮಗಳು ಕೂಗಾಡುತ್ತಾಳೆ ಎಂದುಕೊಂಡಿದ್ದ. ಅವಳು ಕಪಾಟಿನ ಬೀಗದ ಕೈಯನ್ನು ಪರ್ಸಿನಿಂದ ತೆಗೆದು ಮೇಜಿನ ಮೇಲಿಟ್ಟಳು.

"ಒಂದ ತಿಂಗಳ ಪಪ್ಪಾ," ಎಂದಳು. "ದಿನಾ ಬೆಳಿಗ್ಗಿ ನನ್ನ ಬಾಯಿಲೆ ಹೇಳಸಿದ್ರಿ. ನೀವು ಅಲ್ಲೇ ಕೂತು ಕೇಳಿದ್ರಿ."

"ತಪ್ಪಾತು ಮಾಯಾ."

"ನನಗ್ಯಾಕ ಹೇಳ್ತೀರಿ? ಹೋಗಿ ಆಕೀಗಿ ಹೇಳ್ರಿ."

ಒಳಗೆ ಕರುಣಾ ಗೋಡೆಗೆ ಬೆನ್ನು ಹಾಕಿ ಕೂತಿದ್ದಳು. ಕೈಗಳಿಗೆ ಮಗಳು ಬೆಳಿಗ್ಗೆ ಕಟ್ಟಿದ್ದ ಬಿಳಿ ಪಟ್ಟಿ ಒದ್ದೆಯಾಗಿತ್ತು. ಪಂಢರಿ ಅವಳ ಎದುರು ನೆಲದ ಮೇಲೆ ಕೂತ. ಅವನಿಗಿಂತ ಮುಂಚೆ ಅವಳೇ ಮಾತಾಡಿದಳು, ಬಾಗಿಲ ಕಡೆ ನೋಡಿ, ದನಿ ತಗ್ಗಿಸಿ.

"ಕಾಕಾ, ನಮ್ಮ ಮನಿಯವ್ರು ಬಂದ್ರ ಪೇಟಿದು ಮಾತ ತಗೀಬ್ಯಾಡ್ರಿ. ನನ್ನ ಸಲುವಾಗಿ ತಂದಿದ್ರು ಅವ್ರು. ಬಾಗಿಲ ಕಿತ್ತಿ ಒಳಗ ತಂದಿದ್ರು. ನಾನೇ ಹಾಳ ಮಾಡೀನಿ."

"ನೀ ಮಾಡಿಲ್ಲ ಕರುಣಾ." ಪಂಢರಿ ಅವಳ ಪಟ್ಟಿ ಕಟ್ಟಿದ ಕೈಗಳನ್ನು ತನ್ನ ಕೈಯಲ್ಲಿ ತೆಗೆದುಕೊಂಡ. "ನಾ ಮಾಡೀನಿ. ಎಣ್ಣಿ ಹಾಕಿದಾವ ನಾನು. ನಿನ್ನ ಮ್ಯಾಲ ಸುಳ್ಳ ಹೊರಸಿದಾವನೂ ನಾನೇ. ನನ್ನ ಕಡಿ ನೋಡ. ನಾನೇ ನಿನ್ನ ಗಂಡ. ನಾ ಪಂಢರಿ."

ಅವಳು ನೋಡಿದಳು. ಬಹಳ ಹೊತ್ತು, ಹುಬ್ಬು ಗಂಟಿಕ್ಕಿಕೊಂಡು, ಶಾಲೆಯಲ್ಲಿ ತಪ್ಪು ಲೆಕ್ಕ ಮಾಡಿದ ಮಗುವನ್ನು ನೋಡುತ್ತಿದ್ದ ಹಾಗೆ ನೋಡಿದಳು. ಬಾಗಿಲಲ್ಲಿ ಮಹಾಮಾಯಾ ನಿಂತಿದ್ದಳು. ಕರುಣಾಳ ಮುಖ ನಿಧಾನವಾಗಿ ಮೆತ್ತಗಾಯಿತು. ಪಂಢರಿಯ ಕೆನ್ನೆಯ ಮೇಲೆ ಇಳಿದದ್ದನ್ನು ತನ್ನ ಸೆರಗಿನ ತುದಿಯಿಂದ ಒರೆಸಿದಳು.

"ನೀವು ಭಾಳ ಛಲೋ ಮನಷ್ಯಾರ ಇದ್ದೀರಿ ಕಾಕಾ," ಎಂದಳು. "ಪರದವ್ರ ತಪ್ಪ ತಮ್ಮ ಮ್ಯಾಲ ಯಾರ ಹಾಕೋತಾರ ಈ ಕಾಲದಾಗ. ಆದ್ರ ಅದು ನಾನೇ ಮಾಡಿದ್ದು. ನಮ್ಮ ಮನಿಯವ್ರೇ ಹೇಳ್ಯಾರ. ಅವ್ರು ಎಂದೂ ಸುಳ್ಳ ಹೇಳೋರಲ್ಲ."

ಅವಳು ಅವನ ಕೈಯಿಂದ ಕೈ ಬಿಡಿಸಿಕೊಂಡು ಎದ್ದು ಬಚ್ಚಲಿಗೆ ಹೋದಳು. ನಲ್ಲಿಯ ನೀರು ಬೀಳತೊಡಗಿತು. ಪಂಢರಿ ಮೊಳೆಯ ಮೇಲಿದ್ದ ಟವೆಲ್ ತೆಗೆದುಕೊಂಡು ಅವಳ ಹಿಂದೆ ಹೋದ.